ಡಾನ್ಯೂಬಿನ ಮೇಲೆ ಸರಿಹೆಜ್ಜೆ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಕೋಶ ಓದುವುದಕ್ಕೆ ಕಣ್ಣಿದ್ದರೆ ಸಾಕು. ದೇಶ ಸುತ್ತುವುದಕ್ಕೆ ಕಾಲು ಬೇಕು. ಗಾದೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬರದು ಓಡುವ ಕಾಲು, ಇನ್ನೊಬ್ಬರದು ಊರುಗೋಲಿನ ಆಸರೆಯಲ್ಲಿ ನಡೆಯುವ ಕಾಲು ಆದಾಗ ಇಬ್ಬರೂ ಜೊತೆಗೂಡಿ ದೇಶ ಸುತ್ತುವುದು ಹೇಗೆ? ಈ ಪ್ರಶ್ನೆ ನಮ್ಮ ಮನೆಗೆ ಕೆಲವು ವರ್ಷಗಳ ಹಿಂದೆ ಬಂದಿತು. ಈ ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಬಹುಮಂದಿ ಯೌವನದಲ್ಲಿ ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದು, ಇಲ್ಲಿಯೇ ತಲೆ ನರೆತವರು. ಇಂದಲ್ಲ ನಾಳೆ ಈ ಪ್ರಶ್ನೆ ಎಲ್ಲರ ಮನೆಯ ಬಾಗಿಲನ್ನೂ ತಟ್ಟುವಂಥದೇ. ಆದ್ದರಿಂದ ನಮಗೆ ದೊರೆತ ಒಂದು ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಓಟದ ಗೀಳನ್ನು ಮನೆಗೆ ತಂದವರು ನಮ್ಮವರೇ. ಶಿಕಾಗೊ ಮ್ಯಾರಥಾನನ್ನು ಎರಡು ಬಾರಿ ಓಡಿದವರು ಅವರು. ಆಗ ನಾನು ರಸ್ತೆಯ ಪಕ್ಕದಲ್ಲಿ ಕೈಚೀಲ ಹಿಡಿದು ನಿಲ್ಲುತ್ತಿದ್ದವಳು. 2020ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮರಳಿತು, ನೆನಪು ಉಳಿಯಿತು, ಕೈಗೂ ಬಹುಮಟ್ಟಿಗೆ ಶಕ್ತಿ ಬಂದಿತು. ಎಡಗಾಲು ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಅವರ ವ್ಯಾಯಾಮಕ್ಕೆಂದು ಬೆಳಗ್ಗೆ ಜೊತೆಗೆ ಹೊರಟವಳು, ಅವರು ದಣಿದು ಬೆಂಚಿನ ಮೇಲೆ ಕುಳಿತಾಗ ಒಂದು ಸುತ್ತು ಬೇಗನೆ ಹೋಗಿ ಬರುವ ರೂಢಿ ಮಾಡಿಕೊಂಡೆ. ಆ ಒಂದು ಸುತ್ತು ಎರಡಾಯಿತು, ಎರಡು ನಾಲ್ಕಾಯಿತು. ಐವತ್ತೇಳರ ವಯಸ್ಸಿನಲ್ಲಿ, “ನೀನೂ ಒಂದು ಮ್ಯಾರಥಾನ್ ಓಡಿಬಿಡು. ತರಬೇತಿಯ ಪಟ್ಟಿ ನಾನು ಹಾಕಿಕೊಡುತ್ತೇನೆ” ಎಂದರು. ಪಟ್ಟಿಯನ್ನು ಹಾಕಿದರು, ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು, ಓಡಿದ ದಿನಗಳಿಗೆ ತಮ್ಮ ಕೈಯಿಂದಲೇ ಗುರುತು ಹಾಕಿದರು.

ಆದರೆ ಒಂದು ಷರತ್ತನ್ನು ನಾನು ಹಾಕಿದೆ. ನಾನು ಓಡಲು ಹೋಗಿ ಅವರು ಮತ್ತೊಂದು ಹೋಟೆಲಿನ ಕೋಣೆಯಲ್ಲಿ ಕಿಟಕಿಯ ಬಳಿ ಕೂರುವ ಪ್ರಯಾಣ ನನಗೆ ಬೇಡ. ನನ್ನ ಕಾಲಿಗೊಂದು ಪ್ರಯಾಣವಾದರೆ ಅವರ ಕಾಲಿಗೂ ಒಪ್ಪುವ ಪ್ರಯಾಣ ಅದರೊಡನೆಯೇ ಇರಬೇಕು. ಹೀಗೆ ಹುಡುಕುತ್ತ ಹೋದಾಗ ಹೊಳೆದದ್ದು ನದಿಯ ನೌಕಾವಿಹಾರ. ಇದರಲ್ಲಿ ಹೋಟೆಲೇ ನಮ್ಮೊಡನೆ ಬರುತ್ತದೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು. ಯುರೋಪಿನ ಹಳೆಯ ಊರುಗಳು ಬಹುಪಾಲು ನದಿಯ ದಡದಲ್ಲಿಯೇ ಹುಟ್ಟಿದವಾದ್ದರಿಂದ ಹಡಗು ಊರಿನ ಅಂಗಳಕ್ಕೇ ತಂದು ನಿಲ್ಲಿಸುತ್ತದೆ. ನಡೆಯಬಲ್ಲವರು ನಡೆಯಬಹುದು, ಆಗದವರು ಕುಳಿತಲ್ಲಿಂದಲೇ ಊರನ್ನು ನೋಡಬಹುದು.

ಮಿತ್ರರೊಬ್ಬರು ನಕ್ಕು, “ಮ್ಯಾರಥಾನ್ ಎಂದರೆ ತಪಸ್ಸು, ಈ ಹಡಗು ಎಂದರೆ ಭೋಗ. ಎರಡನ್ನೂ ಕೂಡಿಸುವುದು ಏಕಾದಶಿಯ ದಿನ ಹೋಳಿಗೆ ಉಂಡ ಹಾಗೆ” ಎಂದರು. ನಮ್ಮವರು ತಡವಿಲ್ಲದೆ, “ಏಕಾದಶಿಯ ಮರುದಿನ ದ್ವಾದಶಿಯ ಪಾರಣೆ ಇದ್ದೇ ಇದೆಯಲ್ಲ ಸ್ವಾಮಿ” ಎಂದುಬಿಟ್ಟರು. ನಮ್ಮ ಪ್ರವಾಸದ ಕ್ರಮವೂ ಅದರಿಂದಲೇ ನಿರ್ಧಾರವಾಯಿತು: ಮೊದಲು ಓಟ, ಆಮೇಲೆ ತೇಲಾಟ.

ಈ ಕ್ರಮಕ್ಕೆ ಹಾಸ್ಯವಲ್ಲದ ಕಾರಣಗಳೂ ಇವೆ. ಮೊದಲನೆಯದು ಊಟ. ಓಟಕ್ಕೆ ಮುಂಚಿನ ವಾರ ಹಡಗಿನ ಭೋಜನಶಾಲೆಯಲ್ಲಿ ದಿನಕ್ಕೆ ಮೂರು ಹೊತ್ತು ಕುಳಿತು, ಪರಿಚಯವಿಲ್ಲದ ಬೆಣ್ಣೆ ಕೆನೆಗಳ ಮೇಲೆ ಹೊಟ್ಟೆಯನ್ನು ಪರೀಕ್ಷಿಸುವುದು ಜಾಣತನವಲ್ಲ. ಎರಡನೆಯದು ನದಿಯ ಸ್ವಭಾವ. ಓಟದ ದಿನ ಯಾರಿಗಾಗಿಯೂ ಕಾಯುವುದಿಲ್ಲ. ನದಿ ಮಾತ್ರ ತನ್ನ ಇಷ್ಟದಂತೆ ನಡೆಯುತ್ತದೆ. 2018 ಮತ್ತು 2022ರ ಬರಗಾಲಗಳಲ್ಲಿ ಡಾನ್ಯೂಬ್, ರೈನ್ ನದಿಗಳ ನೀರು ಬಹಳ ಕೆಳಗಿಳಿದಿತ್ತು. ನೀರು ತೀರ ಕಡಿಮೆಯಾದರೆ ಹಡಗಿನ ತಳ ತಗಲುತ್ತದೆ. ತೀರ ಹೆಚ್ಚಾದರೆ ಸೇತುವೆಗಳ ಅಡಿಯಲ್ಲಿ ತೂರಲಾಗುವುದಿಲ್ಲ. ಎರಡರಲ್ಲಿ ಯಾವುದಾದರೂ ಪ್ರಯಾಣಿಕರನ್ನು ಬಸ್ಸಿನಲ್ಲಿ ಕೂಡಿಸಿ ಮುಂದಿನ ಊರಿಗೆ ಸಾಗಿಸುತ್ತಾರೆ. ಓಟದ ಊರಿಗೆ ಹಡಗಿನಿಂದ ತಲುಪುತ್ತೇನೆಂದು ಹೊರಟವರಿಗೆ ಇದು ಅಪಾಯ. ಮೂರನೆಯದು ಮರಳಿ ಹಾರುವ ವಿಮಾನ. ದೀರ್ಘ ಓಟದ ಬೆನ್ನಿಗೇ ಹತ್ತು ಗಂಟೆ ಮಂಡಿ ಮಡಿಚಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ಗಡ್ಡೆ ಕಟ್ಟುವ ಭಯವಿದೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಐದು ದಿನ ನಿಧಾನವಾಗಿ ಅಡ್ಡಾಡುತ್ತ ತೇಲಿ, ಆಮೇಲೆ ವಿಮಾನ ಹತ್ತುವುದು ನಮ್ಮಿಬ್ಬರ ಕಾಲುಗಳಿಗೂ ಹಿತವೆನಿಸಿತು.

ಡಾನ್ಯೂಬಿನ ದಡದಲ್ಲಿ ವಿಯೆನ್ನಾ, ಲಿಂಟ್ಸ್, ಬ್ರಾಟಿಸ್ಲಾವಾ, ಬುಡಾಪೆಸ್ಟ್ ಎಲ್ಲವೂ ಮ್ಯಾರಥಾನ್ ನಡೆಸುವ ಊರುಗಳೇ. ನಾವು ವಿಯೆನ್ನಾವನ್ನು ಆರಿಸಿದೆವು. ಅಲ್ಲಿಯ ಓಟ 1984ರಲ್ಲಿ ಮೊದಲಾದದ್ದು, ವಸಂತಕಾಲದ್ದು. ಅದಕ್ಕಿಂತಲೂ ಹೆಚ್ಚಾಗಿ ನಮ್ಮನ್ನು ಸೆಳೆದದ್ದು ನಕ್ಷೆಯಲ್ಲಿ ಕಂಡ ಒಂದು ಸೌಕರ್ಯ. ಓಟ ಆರಂಭವಾಗುವುದು ವಿಶ್ವಸಂಸ್ಥೆಯ ಕಚೇರಿಗಳ ಬಳಿ. ಆರಂಭವಾದ ಕೂಡಲೇ ರೈಖ್ಸ್‌ಬ್ರೂಕೆ ಎಂಬ ಸೇತುವೆಯ ಮೇಲೆ ಡಾನ್ಯೂಬನ್ನು ದಾಟುತ್ತದೆ. ನದಿಯ ಹಡಗುಗಳು ತಂಗುವ ಕಟ್ಟೆಯೂ ಅದೇ ಸೇತುವೆಯ ಬುಡದಲ್ಲಿದೆ. ಭಾನುವಾರ ಓಡಿಕೊಂಡು ಮೇಲೆ ದಾಟಿದ ನೀರಿನ ಮೇಲೆ ಸೋಮವಾರ ಹಡಗು ಹತ್ತಬಹುದು. ಹಳೆಯ ಸೇತುವೆ 1976ರ ಆಗಸ್ಟ್ 1ರಂದು ಕುಸಿದುಬಿದ್ದಿತಂತೆ; ಈಗಿನದು 1980ರಲ್ಲಿ ತೆರೆದದ್ದು. ಇದನ್ನು ಓದಿ ಹೇಳಿದ ನಮ್ಮವರು, “ಬಿದ್ದು ಎದ್ದ ಸೇತುವೆ, ನನಗೆ ಆಗಿಬರುತ್ತದೆ” ಎಂದರು.

2023ರ ಏಪ್ರಿಲ್‌ನಲ್ಲಿ, ಓಟಕ್ಕೆ ನಾಲ್ಕು ದಿನ ಮೊದಲೇ ನಾವು ವಿಯೆನ್ನಾ ಸೇರಿದೆವು. ವಿಮಾನ ತಡವಾದರೂ, ಪೆಟ್ಟಿಗೆ ಕಳೆದರೂ ಸರಿಪಡಿಸಿಕೊಳ್ಳಲು ಅಷ್ಟು ಅವಧಿ ಬೇಕು. ಓಡುವ ಬೂಟು, ಬಟ್ಟೆ, ಒಂದು ಡಬ್ಬಿ ಅವಲಕ್ಕಿ ಇವಿಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದೆ. ಶುಕ್ರವಾರ ನೈಸರ್ಗಿಕ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ, ವಿಲೆನ್‌ಡೋರ್ಫ್ ಎಂಬ ಹಳ್ಳಿಯಲ್ಲಿ 1908ರಲ್ಲಿ ದೊರೆತ ಪುಟ್ಟ ಸ್ತ್ರೀಮೂರ್ತಿಯನ್ನು ಕಂಡೆವು. ಹನ್ನೊಂದು ಸೆಂಟಿಮೀಟರಿನ ಸುಣ್ಣಕಲ್ಲಿನ ಆ ಮೂರ್ತಿಗೆ ಸುಮಾರು ಮೂವತ್ತು ಸಾವಿರ ವರ್ಷ ವಯಸ್ಸು. ಅದಕ್ಕೆ ಮುಖವಿಲ್ಲ, ಪಾದಗಳೂ ಇಲ್ಲ. ಬಹಳ ಹೊತ್ತು ನೋಡಿ ಇವರು ಹೇಳಿದ್ದು ಒಂದೇ ಮಾತು: “ಪಾದವಿಲ್ಲದೆಯೇ ಎಷ್ಟು ದೂರ ಬಂದಿದ್ದಾಳೆ ನೋಡು.”

ಶನಿವಾರ ರಾತ್ರಿ ಅನ್ನಕ್ಕೆ ಅಂಗಡಿಯಿಂದ ತಂದ ಮೊಸರು ಕಲಸಿ ಉಂಡೆ. ಓಟಗಾರರ ಪುಸ್ತಕಗಳು ಕಾರ್ಬೋಹೈಡ್ರೇಟ್ ಎಂದು ಪುಟಗಟ್ಟಲೆ ಬರೆಯುವುದನ್ನು ನಮ್ಮ ತಾಯಂದಿರು ಒಂದೇ ಮಾತಿನಲ್ಲಿ ಮೊಸರನ್ನ ಎನ್ನುತ್ತಿದ್ದರು.

ಓಟದ ವಿವರವನ್ನು ದೀರ್ಘವಾಗಿ ಹೇಳಲಾರೆ; 42.195 ಕಿಲೋಮೀಟರ್ ಎಲ್ಲಿ ಓಡಿದರೂ ಅಷ್ಟೇ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ದೂರ ಅದು, 1921ರಲ್ಲಿ ಜಗತ್ತಿಗೆಲ್ಲ ನಿಯಮವಾಯಿತು. ಸೇತುವೆಯ ಮೇಲೆ ಸಾವಿರಾರು ಪಾದಗಳ ಸದ್ದಿನ ನಡುವೆ ಕೆಳಗೆ ನೋಡಿದಾಗ ಬಿಳಿಯ ಹಡಗುಗಳು ಸಾಲಾಗಿ ನಿಂತಿದ್ದವು. ನಾಳೆ ನಾವು ಹತ್ತುವುದು ಇವುಗಳಲ್ಲಿ ಒಂದನ್ನು ಎಂದುಕೊಂಡಾಗ ಕಾಲು ಹಗುರಾಯಿತು. ನಮ್ಮವರು ಮಡಿಸುವ ಕುರ್ಚಿಯೊಂದನ್ನು ಹಿಡಿದು ಪ್ರಾಟರ್ ಉದ್ಯಾನದ ಹೌಪ್ಟ್‌ಆಲೇ ಎಂಬ ಸಾಲುಮರದ ಬೀದಿಯಲ್ಲಿ ಕುಳಿತಿದ್ದರು. ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ, ನೂಲು ಹಿಡಿದಂತೆ ನೆಟ್ಟಗಿರುವ ಬೀದಿ ಅದು. 2019ರ ಅಕ್ಟೋಬರ್ 12ರಂದು ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿದ್ದು ಇಲ್ಲಿಯೇ. ಸರದಿಯ ಮೇಲೆ ವೇಗ ಕಾಯುವ ಜೊತೆಗಾರರಿದ್ದ ವಿಶೇಷ ಏರ್ಪಾಡಿನ ಓಟವಾದ್ದರಿಂದ ಅದನ್ನು ಅಧಿಕೃತ ದಾಖಲೆಯಾಗಿ ಗಣಿಸಲಿಲ್ಲ. ಆದರೂ ಎರಡು ಗಂಟೆಯ ಗೋಡೆಯನ್ನು ಮನುಷ್ಯದೇಹ ಮೊದಲು ದಾಟಿದ ಬೀದಿ ಇದೇ.

ಓಟದ ಮಾರ್ಗ ಈ ಸಾಲುಮರದ ಬೀದಿಯನ್ನು ಎರಡು ಸಲ ಮುಟ್ಟುತ್ತದೆ. ಆದ್ದರಿಂದ ಕುಳಿತಲ್ಲಿಂದ ಏಳದೆಯೇ ನಮ್ಮವರು ನನ್ನನ್ನು ಎರಡು ಸಲ ಕಂಡರು. ಮೊದಲ ಸಲ ನಾನು ನಗುತ್ತಿದ್ದೆನಂತೆ. ಎರಡನೆಯ ಸಲ ನಗುವ ಸ್ಥಿತಿಯಲ್ಲಿರಲಿಲ್ಲ. ಕುರ್ಚಿಯಿಂದಲೇ ಕೈಯೆತ್ತಿ, “ಇನ್ನು ಆರೇ ಮೈಲಿ! ಕಿಲೋಮೀಟರಿನಲ್ಲಿ ಎಣಿಸಬೇಡ, ಹೆಚ್ಚಾಗಿ ಕಾಣುತ್ತದೆ!” ಎಂದು ಕೂಗಿದರು. ಕನ್ನಡದಲ್ಲಿ ಕೂಗಿದ ಆ ಮಾತು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಅರ್ಥವಾದದ್ದು. ರಿಂಗ್‌ಸ್ಟ್ರಾಸೆಯ ಬುರ್ಗ್‌ಥಿಯೇಟರ್ ರಂಗಮಂದಿರದ ಎದುರು ಓಟ ಮುಗಿದಾಗ 4 ಗಂಟೆ 58 ನಿಮಿಷಗಳಾಗಿದ್ದವು.

ನಾನು ನಿಜವಾಗಿ ಹೇಳಬೇಕೆಂದಿರುವ ಮಾತು ಇಲ್ಲಿಂದ ಮುಂದಿನದು.

ಸೋಮವಾರ ಮಧ್ಯಾಹ್ನ ಹಡಗಿನ ಕಟ್ಟೆಗೆ ಬಂದೆವು. ನದಿಯ ವಿಲಾಸನೌಕೆ ಕಡಲಿನ ಹಡಗಿನಂತೆ ಬೆಟ್ಟದ ಗಾತ್ರದ್ದಲ್ಲ. 135 ಮೀಟರ್ ಉದ್ದ, ಹನ್ನೊಂದು ಚಿಲ್ಲರೆ ಮೀಟರ್ ಅಗಲ, ಮೂರು ಅಂತಸ್ತು, ಸುಮಾರು ನೂರೆಂಬತ್ತು ಪ್ರಯಾಣಿಕರು. ಅಗಲ ಅಷ್ಟೇ ಏಕೆಂದರೆ, 1992ರಲ್ಲಿ ಪೂರ್ಣಗೊಂಡ ರೈನ್–ಮೈನ್–ಡಾನ್ಯೂಬ್ ಕಾಲುವೆಯ ನೀರುಕಟ್ಟೆಗಳ ಅಗಲ 12 ಮೀಟರ್. ಅದರೊಳಗೆ ತೂರುವಂತೆ ಹಡಗುಗಳನ್ನು ಕಟ್ಟುತ್ತಾರೆ. ಕೋಣೆಯೊಳಗೆ ಬಿಳಿಯ ಹಾಸಿಗೆ, ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲು, ಮೇಜಿನ ಮೇಲೆ ಹಣ್ಣಿನ ಬುಟ್ಟಿ. ಫಿಲಿಪ್ಪೀನ್ಸ್‌ನಿಂದ, ರುಮೇನಿಯಾದಿಂದ ಬಂದ ತರುಣ ತರುಣಿಯರು ನಗುನಗುತ್ತ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದರು. ಮನೆ ಬಿಟ್ಟು ದೂರ ಬಂದು ದುಡಿಯುವವರ ನಗು ನಮ್ಮಂಥವರಿಗೆ ಪರಿಚಿತವೇ. ಅವರ ಊರು, ಮನೆ, ಮಕ್ಕಳನ್ನು ಕೇಳದೆ ನಮಗೆ ಊಟ ಸೇರಲಿಲ್ಲ.

ಸಂಜೆ ಊಟಕ್ಕೆಂದು ಕೆಳಗಿನ ಅಂತಸ್ತಿಗೆ ಹೊರಟೆವು. ಲಿಫ್ಟಿನ ಮುಂದೆ ಜನ ಸೇರಿದ್ದರು. ಹನ್ನೆರಡು ಮೆಟ್ಟಿಲು ತಾನೆ ಎಂದು ಮೆಟ್ಟಿಲಿನ ಕಡೆ ತಿರುಗಿದೆವು. ಮೊದಲ ಮೆಟ್ಟಿಲಿಗೇ ನನ್ನ ತೊಡೆಗಳು ಕೂಗಿಕೊಂಡವು. ಮ್ಯಾರಥಾನ್ ಓಡಿದವರೆಲ್ಲ ಬಲ್ಲ ನೋವು ಇದು. ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಗಾಯಗಳಾಗಿರುತ್ತವೆ. ನೋವು ಓಡಿದ ದಿನಕ್ಕಿಂತ ಮರುದಿನ, ಅದರ ಮರುದಿನ ಹೆಚ್ಚು. ಹತ್ತುವುದು ಅಷ್ಟು ಕಷ್ಟವಲ್ಲ, ಇಳಿಯುವುದೇ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕು.

ನಾನು ಕಂಬಿ ಹಿಡಿದು ನಿಂತುಬಿಟ್ಟೆ. ನನ್ನ ಪಕ್ಕದಲ್ಲಿ ಇನ್ನೊಂದು ಕಂಬಿ ಹಿಡಿದು, ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇವರು ನಿಂತಿದ್ದರು. ನನ್ನನ್ನು ನೋಡಿ, ಮೂರು ವರ್ಷದಿಂದ ಫಿಸಿಯೋಥೆರಪಿಯವರು ತಮಗೆ ಹೇಳಿಕೊಟ್ಟ ಪಾಠವನ್ನು ನನಗೆ ಹೇಳಿಕೊಟ್ಟರು.

“ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕೈ ಕಂಬಿಯ ಮೇಲೆ. ಅವಸರ ಬೇಡ.”

“ನನ್ನದು ಎರಡೂ ಸೋತಿವೆಯಲ್ಲ ರೀ, ಯಾವುದನ್ನು ಮೊದಲು ಇಡಲಿ?” ಎಂದೆ.

“ಹಾಗಾದರೆ ನನಗಿಂತ ನಿನ್ನ ಗತಿಯೇ ಕಷ್ಟ” ಎಂದು ಅವರು ಗಟ್ಟಿಯಾಗಿ ನಕ್ಕರು. ಆ ಬಗೆಯ ನಗುವನ್ನು ನಾನು ಕೇಳಿ ಬಹಳ ದಿನಗಳಾಗಿದ್ದವು. ಹಿಂದೆ ಬಂದ ದಂಪತಿ ತಾಳ್ಮೆಯಿಂದ ಕಾದರು. ಒಂದು ಮೆಟ್ಟಿಲು, ನಿಲುಗಡೆ, ಮತ್ತೊಂದು ಮೆಟ್ಟಿಲು. ಹನ್ನೆರಡನ್ನೂ ಇಬ್ಬರೂ ಒಂದೇ ವೇಗದಲ್ಲಿ ಇಳಿದೆವು.

ಪಾರ್ಶ್ವವಾಯುವಾದ ದಿನದಿಂದ ನಾವಿಬ್ಬರೂ ಒಂದೇ ವೇಗದಲ್ಲಿ ನಡೆದದ್ದೇ ಇಲ್ಲ. ನಾನು ಅವರಿಗಾಗಿ ನಿಧಾನ ಮಾಡುತ್ತೇನೆ; ನಿಧಾನ ಮಾಡುತ್ತಿದ್ದೇನೆಂಬುದು ಅವರಿಗೆ ತಿಳಿಯುತ್ತದೆ; ತಿಳಿಯಿತೆಂಬುದು ನನಗೆ ತಿಳಿಯುತ್ತದೆ. ಪ್ರೀತಿಯಿಂದಲೇ ನಿಧಾನ ಮಾಡಿದರೂ ಅದು ಒಬ್ಬರು ಕೊಡುವ, ಇನ್ನೊಬ್ಬರು ಪಡೆಯುವ ವ್ಯವಹಾರವೇ. ಆ ಸಂಜೆಯ ನಿಧಾನವನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ. ನನಗೆ ಅದಕ್ಕಿಂತ ಬೇಗ ನಡೆಯುವ ಶಕ್ತಿಯೇ ಇರಲಿಲ್ಲ.

ರಾತ್ರಿ ಹಡಗು ಪ್ರವಾಹಕ್ಕೆ ಎದುರಾಗಿ ಹೊರಟಿತು. ಬೆಳಗ್ಗೆ ಗಾಜಿನ ಬಾಗಿಲಿನ ಹೊರಗೆ ವಾಖಾವು ಕಣಿವೆ ಕಾಣಿಸಿತು. ಕ್ರೆಮ್ಸ್‌ನಿಂದ ಮೆಲ್ಕ್‌ವರೆಗಿನ ಈ ಕಣಿವೆಯನ್ನು 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆಗಳ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿಯ ತೋಟಗಳು. ದಡದಲ್ಲಿ ಅಲ್ಲಲ್ಲಿ ಅಂಕಿ ಬರೆದ ಫಲಕಗಳು: 2002, 2009. ಇಸವಿಗಳೇನೋ ಎಂದುಕೊಂಡರೆ ಅಲ್ಲ, ಕಿಲೋಮೀಟರುಗಳು. ನಾವು ಕಾವೇರಿಯನ್ನು ತಲಕಾವೇರಿಯಿಂದ ಎಣಿಸುವವರು. ಡಾನ್ಯೂಬನ್ನು ಮಾತ್ರ ಕಪ್ಪು ಸಮುದ್ರದ ದಡದ ಸುಲಿನಾದಿಂದ ಹಿಂದಕ್ಕೆ ಎಣಿಸುತ್ತಾರೆ. ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ, ಸುಮಾರು 2,850 ಕಿಲೋಮೀಟರ್ ಹರಿಯುವ ನದಿಗೆ ಸೊನ್ನೆ ಇರುವುದು ಅದರ ಕೊನೆಯಲ್ಲಿ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಈಜು ಕಲಿತ ನಮ್ಮವರಿಗೆ ಈ ಲೆಕ್ಕ ಬಹಳ ಹಿಡಿಸಿತು. “ಎಷ್ಟು ಕಳೆಯಿತು ಎಂದಲ್ಲ, ಎಷ್ಟು ಉಳಿದಿದೆ ಎಂದು ಎಣಿಸುತ್ತಾರೆ, ಜಾಣರು” ಎಂದರು.

ಮಂಗಳವಾರ ದ್ಯೂರ್ನ್‌ಷ್ಟೈನ್. ಊರಿನ ಮೇಲಿನ ಗುಡ್ಡದಲ್ಲಿ ಪಾಳುಬಿದ್ದ ಕೋಟೆಯಿದೆ. ಧರ್ಮಯುದ್ಧದಿಂದ ಮರಳುತ್ತಿದ್ದ ಇಂಗ್ಲೆಂಡಿನ ಅರಸ ‘ಸಿಂಹಹೃದಯ’ ರಿಚರ್ಡನನ್ನು 1192–93ರ ಚಳಿಗಾಲದಲ್ಲಿ ಸೆರೆಯಿಟ್ಟದ್ದು ಅಲ್ಲಿ. ಸಹಪ್ರಯಾಣಿಕರು ಕೋಲು ಹಿಡಿದು ಉತ್ಸಾಹದಿಂದ ಗುಡ್ಡ ಹತ್ತಿದರು. ಬೇರೆ ಯಾವ ಪ್ರವಾಸದಲ್ಲಿಯೂ ಇಂಥ ಗಳಿಗೆ ನಮಗೆ ಕಷ್ಟದ್ದು. “ನೀನು ಹೋಗಿ ಬಾ, ನಾನು ಇಲ್ಲಿರುತ್ತೇನೆ” ಎಂದು ಅವರು. “ಬೇಡ, ನನಗೂ ಆಸೆಯಿಲ್ಲ” ಎಂದು ನಾನು. ಎರಡೂ ಅರೆಸತ್ಯ. ಅಂದು ಅಂಥ ಮಾತೇ ಬರಲಿಲ್ಲ. ಗುಡ್ಡವನ್ನು ಹತ್ತಿದರೂ ಇಳಿಯುವ ಯೋಗ್ಯತೆ ನನ್ನ ತೊಡೆಗಳಿಗಿರಲಿಲ್ಲ. ನೀಲಿ ಬಿಳಿ ಬಣ್ಣದ ಮಠದ ಗೋಪುರದ ಕೆಳಗೆ, ನದಿಗೆ ಮುಖ ಮಾಡಿದ ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತೆವು. ಬಿಸಿಲು ಬೆನ್ನಿಗೆ ಬಂದಾಗ ಇಬ್ಬರೂ ಒಟ್ಟಿಗೆ, ಬೆಂಚಿನ ಕೈ ಹಿಡಿದುಕೊಂಡು, “ಅಮ್ಮಾ” ಎನ್ನುತ್ತ ಎದ್ದೆವು.

ಬುಧವಾರ ಮೆಲ್ಕ್. ಬಂಡೆಯ ನೆತ್ತಿಯ ಮೇಲೆ 1089ರಲ್ಲಿ ಸ್ಥಾಪನೆಯಾದ ಬೆನೆಡಿಕ್ಟೈನ್ ಮಠ. ಈಗ ಕಾಣುವ ಹಳದಿಯ ಭವ್ಯ ಕಟ್ಟಡ ಹದಿನೆಂಟನೆಯ ಶತಮಾನದ ಶಿಲ್ಪಿ ಯಾಕೋಬ್ ಪ್ರಾಂಟೌವರನ ಯೋಜನೆ. ಹಡಗಿನವರು ಬಾಗಿಲವರೆಗೂ ಬಸ್ಸಿನಲ್ಲಿ ಕರೆದೊಯ್ದರು. ಒಳಗೆ ಸುಮಾರು ಇನ್ನೂರು ಮೀಟರ್ ಉದ್ದದ ಪಡಸಾಲೆ. ಗ್ರಂಥಾಲಯದಿಂದ ಇಗರ್ಜಿಗೆ ಇಳಿಯಲು ಸುರುಳಿಮೆಟ್ಟಿಲು. ಅಲ್ಲಿ ಮತ್ತೆ ಅದೇ ಪಾಠ: ಸೋತ ಕಾಲು ಮೊದಲು. ಆದರೆ ಅಂದು ಇಳಿಯುವಾಗ ನನಗೆ ನೋವು ಅರ್ಧಕ್ಕರ್ಧ ಇಳಿದಿದೆಯೆಂಬುದು ತಿಳಿಯಿತು. ತಿಳಿದದ್ದಕ್ಕೆ ಸಂತೋಷವಾಗಲಿಲ್ಲ. ಮೂರನೆಯ ದಿನ ಇನ್ನೂ ಸ್ವಲ್ಪ ನೋಯಬಾರದೇ ಎಂದು ಮನಸ್ಸು ಬಯಸಿತು.

ಆ ಸಂಜೆ ಮೆಲ್ಕ್‌ನಿಂದ ಸ್ವಲ್ಪ ಮೇಲಿರುವ ನೀರುಕಟ್ಟೆಯನ್ನು ಹಡಗು ಹತ್ತಿತು. ವಿಯೆನ್ನಾದಿಂದ ಪಸ್ಸೌವರೆಗೆ ಇಂಥವು ಒಂಬತ್ತಿವೆ. ವಿದ್ಯುತ್ತಿಗಾಗಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟುಗಳ ಪಕ್ಕದಲ್ಲಿ 230 ಮೀಟರ್ ಉದ್ದ, 24 ಮೀಟರ್ ಅಗಲದ ಕಾಂಕ್ರೀಟಿನ ತೊಟ್ಟಿಗಳು. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತದೆ. ಮೇಲಿನ ನೀರು ತಾನೇ ತಾನಾಗಿ ತೊಟ್ಟಿಯನ್ನು ತುಂಬುತ್ತದೆ. ಪಂಪಿಲ್ಲ, ಸದ್ದಿಲ್ಲ. ಪಾಚಿ ಹಿಡಿದ ಗೋಡೆ ಕಿಟಕಿಯ ಮುಂದೆ ಮೆಲ್ಲಗೆ ಕೆಳಗಿಳಿಯುತ್ತ ಹೋಗಿ, ನೋಡನೋಡುತ್ತ ಹಡಗು ಹತ್ತು ಮೀಟರಿನಷ್ಟು ಮೇಲೇರಿ, ಎದುರಿನ ಬಾಗಿಲು ತೆರೆದು ಬೇರೊಂದು ಎತ್ತರದ ನದಿ ಕಾಣಿಸುತ್ತದೆ. ನಮ್ಮವರು ಕೋಣೆಯ ಕುರ್ಚಿಯಲ್ಲಿ ಕುಳಿತು ಮಗುವಿನಂತೆ ನೋಡಿದರು. “ಇದು ನನಗೆ ತಕ್ಕ ಮೆಟ್ಟಿಲು” ಎಂದರು.

ಗುರುವಾರ ಬೆಳಗ್ಗೆ ಲಿಂಟ್ಸ್‌ನಲ್ಲಿ ಎಚ್ಚರವಾದಾಗ ನನ್ನ ಕಾಲುಗಳಲ್ಲಿ ನೋವೇ ಇರಲಿಲ್ಲ. ಮೆಟ್ಟಿಲನ್ನು ಇಳಿದು ನೋಡಿದೆ. ಹನ್ನೆರಡನ್ನೂ ಹಿಂದಿನಂತೆ ಸರಸರನೆ ಇಳಿದೆ. ಕೆಳಗೆ ನಿಂತು ತಿರುಗಿ ನೋಡಿದಾಗ ಇವರು ಮೇಲಿನ ಮೆಟ್ಟಿಲಿನಲ್ಲಿ ಕಂಬಿ ಹಿಡಿದಿದ್ದರು. ಇಬ್ಬರಿಗೂ ಅರ್ಥವಾಯಿತು. ನನ್ನ ಕಾಲು ವಾಸಿಯಾಗುವ ಕಾಲು. ಅವರದು ಇನ್ನು ಹೀಗೆಯೇ ಇರುವ ಕಾಲು. ಮೂರು ದಿನ ನಾನು ಅವರ ದೇಹದ ಊರಿಗೆ ಅತಿಥಿಯಾಗಿ ಹೋಗಿದ್ದೆ. ಅವರು ಅಲ್ಲಿಯ ಖಾಯಂ ನಿವಾಸಿ. ಆ ಗಳಿಗೆಯಲ್ಲಿ ಗಂಟಲು ಕಟ್ಟಿದ್ದು ನನಗೆ, ಅವರಿಗಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬಂದು, “ಮುಗಿಯಿತೇ ನಿನ್ನ ರಜೆ? ಸರಿ, ಬೂಟು ಹಾಕಿಕೋ. ನದಿಯ ದಡದಲ್ಲಿ ಎರಡು ಮೈಲಿ ಓಡಿ ಬಾ. ಪಟ್ಟಿಯಲ್ಲಿ ಹಾಗೆಯೇ ಬರೆದಿದ್ದೇನೆ” ಎಂದರು. ಅವರು ಬರೆದದ್ದು ನಿಜ. ಓಟ ಮುಗಿದ ಮೇಲಿನ ವಾರಕ್ಕೂ ಆ ಪಟ್ಟಿಯಲ್ಲಿ ಸಾಲುಗಳಿದ್ದವು. ನಾನು ಓಡಿದೆ. ಹಡಗಿನ ಜಗಲಿಯಲ್ಲಿ ಕಾಫಿ ಹಿಡಿದು ಕುಳಿತಿದ್ದ ಅವರು ನಾನು ಹೋಗುವುದನ್ನೂ ಬರುವುದನ್ನೂ ನೋಡಿದರು.

ಶುಕ್ರವಾರ ಪಸ್ಸೌ ಸೇರಿದೆವು. ಅಲ್ಲಿ ಡಾನ್ಯೂಬಿಗೆ ಒಂದು ಕಡೆಯಿಂದ ಆಲ್ಪ್ಸ್ ಪರ್ವತದಿಂದ ಬರುವ ಇನ್ ನದಿಯೂ ಇನ್ನೊಂದು ಕಡೆಯಿಂದ ಕಪ್ಪುನೀರಿನ ಇಲ್ಟ್ಸ್ ನದಿಯೂ ಸೇರುತ್ತವೆ. ಇನ್ ನದಿಯ ನೀರು ಹಸಿರು ಬೆರೆತ ಬೂದು. ಸೇರಿದ ಮೇಲೂ ಬಣ್ಣಗಳು ಬಹುದೂರ ಬೇರೆಬೇರೆಯಾಗಿಯೇ ಪಕ್ಕಪಕ್ಕದಲ್ಲಿ ಹರಿಯುತ್ತವೆ. ಒಂದು ವೇಗ, ಒಂದು ನಿಧಾನ. ಪುರಭವನದ ಗೋಡೆಯ ಮೇಲೆ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗುರುತು ಹಾಕಿದ್ದಾರೆ. 1501ರದೂ ಇದೆ, 2013ರದೂ ಇದೆ. ಸಂಗಮದ ಮೂಲೆಯ ಉದ್ಯಾನದವರೆಗೆ ನಾವು ಊರುಗೋಲಿನ ವೇಗದಲ್ಲಿ ನಡೆದೆವು. ನಾನು ಮತ್ತೆ ನಿಧಾನ ಮಾಡುವವಳಾಗಿದ್ದೆ. ಆದರೆ ಆ ನಿಧಾನ ಹೊರಗಿನಿಂದ ಹೇಗೆ ಕಾಣುತ್ತದೆಂಬುದರ ಜೊತೆಗೆ ಒಳಗಿನಿಂದ ಹೇಗಿರುತ್ತದೆಂಬುದೂ ಈಗ ನನಗೆ ಗೊತ್ತಿತ್ತು: ಪ್ರತಿ ಮೆಟ್ಟಿಲನ್ನೂ ದೂರದಿಂದಲೇ ಅಳೆಯುವುದು, ಕಂಬಿ ಯಾವ ಕಡೆಯಿದೆಯೆಂದು ಮೊದಲು ನೋಡುವುದು, ಹಿಂದೆ ಬರುವವರ ಹೆಜ್ಜೆಯ ಸದ್ದಿಗೆ ಮೈ ಬಿಗಿಯುವುದು. ಅಂದಿನಿಂದ ನಾನು ಅವರ ಎಡಕ್ಕೆ ನಡೆಯುವುದಿಲ್ಲ. ಕಂಬಿಯನ್ನು ಅವರಿಗೆ ಬಿಟ್ಟು ಹೊರಮಗ್ಗುಲಿಗೆ ನಡೆಯುತ್ತೇನೆ.

ಹೊರಡಬೇಕೆನ್ನುವವರಿಗೆ ಕೆಲವು ಮಾತು. ಓಟಕ್ಕೂ ಹಡಗಿಗೂ ನಡುವೆ ಒಂದು ರಾತ್ರಿಯಾದರೂ ಬಿಡಿ. ಹಡಗಿನಲ್ಲಿ ಲಿಫ್ಟ್ ಇದೆಯೆಂದು ಬರೆದಿದ್ದರೂ ಅದು ಮೇಲ್ಛಾವಣಿಯವರೆಗೆ ಹೋಗುತ್ತದೆಯೇ ಎಂದು ಕೇಳಿ. ಬಹುಪಾಲು ಹಡಗುಗಳಲ್ಲಿ ಹೋಗುವುದಿಲ್ಲ. ಕಟ್ಟೆಯಲ್ಲಿ ಹಡಗುಗಳು ಕೆಲವೊಮ್ಮೆ ಒಂದರ ಮಗ್ಗುಲಿಗೆ ಒಂದು ನಿಲ್ಲುತ್ತವೆ. ಆಗ ಬೇರೊಂದು ಹಡಗನ್ನು ದಾಟಿ ದಡ ಸೇರಬೇಕು. ನೀರಿನ ಮಟ್ಟಕ್ಕೆ ತಕ್ಕಂತೆ ದಡಕ್ಕೆ ಹಾಕುವ ಹಲಗೆಯ ಇಳಿಜಾರು ಬದಲಾಗುತ್ತದೆ. ಊರುಗೋಲಿನವರು ಇದನ್ನೆಲ್ಲ ಮುಂಚೆಯೇ ವಿಚಾರಿಸಿಕೊಳ್ಳಬೇಕು. ಓಡುವವರಿಗಿಂತ ಕೂರುವವರ ಅನುಕೂಲವನ್ನು ಮೊದಲು ನೋಡಿ ಊರನ್ನು ಆರಿಸಿ.

ಐಷಾರಾಮ ಎಂಬ ಮಾತನ್ನು ನಾವು ಮಧ್ಯಮವರ್ಗದ ಮನೆಗಳಿಂದ ಬಂದವರು ಸ್ವಲ್ಪ ಅಳುಕಿನಿಂದಲೇ ಆಡುತ್ತೇವೆ. ದುಡಿದ ಹಣವನ್ನು ಮೆತ್ತನೆಯ ಹಾಸಿಗೆಗೆ, ಪೆಟ್ಟಿಗೆ ಎತ್ತುವ ಕೈಗಳಿಗೆ ಸುರಿಯುವುದೇ ಎಂಬ ಮಾತು ನಮ್ಮೊಳಗೂ ಇತ್ತು. ಆದರೆ ಒಬ್ಬರಿಗೆ ವಿಲಾಸವಾದದ್ದು ಇನ್ನೊಬ್ಬರಿಗೆ ಊರುಗೋಲು. ಬಾಗಿಲವರೆಗೆ ಬರುವ ಬಸ್ಸು, ಕುಳಿತಲ್ಲಿಯೇ ಹರಿದು ಬರುವ ಊರುಗಳು ಇಲ್ಲದಿದ್ದರೆ ನಮ್ಮವರು ಈ ದೇಶಗಳನ್ನು ನೋಡುತ್ತಿರಲಿಲ್ಲ. ನಲವತ್ತೆರಡು ಕಿಲೋಮೀಟರಿನ ದಣಿವು ಇಲ್ಲದಿದ್ದರೆ ನಾನು ಅವರನ್ನು ಇಷ್ಟು ಹತ್ತಿರದಿಂದ ನೋಡುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲಿನಲ್ಲಿ ಈಗ ಹೊಸ ಪಟ್ಟಿ ಅಂಟಿದೆ. ಅದರ ಕೊನೆಯಲ್ಲಿ, ಓಟದ ಮರುದಿನದಿಂದ ಮೂರು ದಿನಗಳ ಸಾಲಿಗೆ ಅವರು ತಮ್ಮ ಅಕ್ಷರದಲ್ಲಿ ಬರೆದಿರುವುದು ಇಷ್ಟೇ: ‘ಇಬ್ಬರೂ ಒಟ್ಟಿಗೆ ನಡೆಯುವುದು.’